ಎಷ್ಟು ಉಳಿದಿದೆ

ರಾತ್ರಿಪಾಳಿಗೆ ಮಾರಿಯೆಟ್ ಬಂದಾಗ
ಲಕ್ಸೆಂಬರ್ಗಿನ ಮಂಜಿನಲ್ಲಿ ಡಿಶ್ಶುಗಳ ಬಿಳಿ ಬೆನ್ನು.
ಕುರ್ಚಿ ಬಿಟ್ಟುಕೊಡುತ್ತಾ ಫಿರ್ಮೀನು ಹೇಳಿದ:
"ಮುದುಕಿಗೆ ಹೀಟರ್ ಹಾಕಿದ್ದೇನೆ. ನಾಲ್ಕು ಗಂಟೆಯಾಯಿತು.
ಅರ್ಧ ಡಿಗ್ರಿಯೂ ಏರಿಲ್ಲ."

ಮುದುಕಿ ಎಂದರೆ ಹದಿನಾರು ವರ್ಷದಿಂದ
ಆಕಾಶದಲ್ಲಿ ಒಂದೇ ಕಡೆ ನಿಂತ ಉಪಗ್ರಹ.
ನಿಂತಂತೆ ಕಾಣುವುದು, ಬಿಡಿ; ಓಡುತ್ತಲೇ ಇದೆ.

ಮಾರಿಯೆಟ್‌ಳ ಅಪ್ಪ ಮೋಸೆಲ್ ನದಿಯಲ್ಲಿ ಸರಕುದೋಣಿ ನಡೆಸುತ್ತಿದ್ದ.
ಡೀಸೆಲ್ ಟ್ಯಾಂಕಿಗೆ ಗೀಟು ಕೊರೆದ ಕೋಲು ಇಳಿಸಿ
ಒದ್ದೆಯ ಗಡಿಯನ್ನು ಹೆಬ್ಬೆರಳಲ್ಲಿ ಮುಟ್ಟಿ
"ಟ್ರಿಯರ್‌ವರೆಗೆ ಸಾಕು" ಅನ್ನುತ್ತಿದ್ದ.
ಕೋಲು ಸಿಗದ ದಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಅದೇ ಮಾತು.
ಅಂಥ ಒಂದು ದಿನ ಗ್ರೇವನ್‌ಮಾಖರ್ ದಾಟುವ ಮುನ್ನವೇ ಎಂಜಿನ್ ಕೆಮ್ಮಿ ನಿಂತಿತ್ತು.
ಏಳು ವರ್ಷದವಳು ಬ್ರೆಡ್ಡು ತಿನ್ನುತ್ತಾ ಕೂತಿದ್ದಳು,
ದಡ ತಾನಾಗಿ ಸರಿಯುತ್ತಿತ್ತು.

ಮೇಲೆ, ಕೋಲು ಇಳಿಸಲು ಕೆಳಗೆ ಎಂಬುದೇ ಇಲ್ಲ.
ತಳ ಎಂಬ ಮಾತಿಗೇ ತಳವಿಲ್ಲ.
ದ್ರವ ಗೋಡೆ ಹತ್ತುತ್ತದೆ, ಮೂಲೆ ಹಿಡಿಯುತ್ತದೆ,
ನಡುವೆ ಒಂದು ಹೀಲಿಯಂ ಗುಳ್ಳೆಯನ್ನು ಸಾಕಿಕೊಳ್ಳುತ್ತದೆ.
ಅಲ್ಲಿ ತುಂಬಿದ ಕೊಡವೂ ಮೌನಿ, ಅರೆಕೊಡವೂ ಮೌನಿ.

ಖಾತೆಪುಸ್ತಕ ಉಂಟು. ಯಾವ ದಿನ ಯಾವ ಥ್ರಸ್ಟರು
ಎಷ್ಟು ಸೆಕೆಂಡು ಉಸಿರು ಬಿಟ್ಟಿತು, ಎಲ್ಲ ಬರೆದಿದೆ,
ಕಿರಾಣಿಯವನ ಸಾಲದ ಪಟ್ಟಿಯ ಹಾಗೆ.
ಪ್ರತಿಸಲ ಒಂದು ಕೂದಲೆಳೆಯಷ್ಟು ತಪ್ಪು;
ಹದಿನಾರು ವರ್ಷಕ್ಕೆ ಜಡೆ ಹೆಣೆಯುವಷ್ಟಾಗಿದೆ.
ಖಾತೆ ಹೇಳುವುದು: ಹನ್ನೊಂದು ಕಿಲೋ,
ಹೆಚ್ಚುಕಮ್ಮಿ ಒಂಬತ್ತು.

ಅದಕ್ಕೇ ಈ ಬಿಸಿ.
ಬರಿದಾದ ಪಾತ್ರೆ ಬೇಗ ಕಾಯುತ್ತದೆ,
ಒಳಗೇನಾದರೂ ಇದ್ದರೆ ತಡ.
ಒಲೆಯ ಮುಂದೆ ನಿಂತವರಿಗೆಲ್ಲ ಗೊತ್ತಿರುವುದಕ್ಕೆ
ಇಲ್ಲಿ ನಲವತ್ತು ಪುಟದ ವಿಧಿ, ಮೂರು ಸಹಿ.

ಸತ್ತ ಉಪಗ್ರಹಗಳ ಕಕ್ಷೆ ಇನ್ನೂ ಮುನ್ನೂರು ಕಿಲೋಮೀಟರು ಮೇಲೆ.
ತಲುಪಲು ಎಂಟು ಕಿಲೋ ಬೇಕು.
ಬೇಗ ಕಳಿಸಿದರೆ ವ್ಯಾಪಾರದವರು ಗೊಣಗುತ್ತಾರೆ,
ತಡವಾದರೆ ಬದುಕಿರುವವರ ದಾರಿಯಲ್ಲೇ ಹೆಣ.

ಮೂರೂ ನಲವತ್ತಕ್ಕೆ ಗೆರೆ ಅಲುಗಿತು.
ಏರಿತು ಅನ್ನಲಾಗದು; ಏರಲು ಮನಸ್ಸು ಮಾಡಿತು.
ಗಣಕ ಯೋಚಿಸಿ ಹೇಳಿತು:
ಹದಿಮೂರು, ಹೆಚ್ಚುಕಮ್ಮಿ ನಾಲ್ಕು.

ಸಾಕು, ಎಂಬ ಮಾತು ನಾಲಿಗೆಯ ತುದಿಗೆ ಬಂತು.
ನುಂಗಿದಳು.
ದಾಖಲೆಯಲ್ಲಿ ಒಂಬತ್ತು ಎಂದಷ್ಟೇ ಬರೆದು
ಕೆಳಗೆ: "ಈ ವಾರವೇ ಕಳಿಸಿ."

ಆಮೇಲೆ ಹೀಟರ್ ಆರಿಸಿ
ಇನ್ನೊಂದು ಹಾಳೆ ತೆಗೆದಳು.
ತಣಿಯಲೂ ಹೊತ್ತು ಹಿಡಿಯುತ್ತದೆ,
ಅದನ್ನೂ ಅಳೆಯಬೇಕು.