ಬೆಳಕು ಹಿಂತಿರುಗದ ಜಾಗ

ಉಲಾನ್‌ಬಾತರ್‌ನಲ್ಲಿ ಜನವರಿ ಅಂದರೆ
ಮುಟ್ಟಿದ್ದೆಲ್ಲ ಕಚ್ಚುತ್ತದೆ.
ಬಾಗಿಲ ಹಿಡಿಕೆ, ಬೆಕ್ಕಿನ ಬೆನ್ನು, ಚಿಲ್ಲರೆ ಕೊಡುವ ಬೆರಳು,
ಚಟ್ಟಂತ ಒಂದು ನೀಲಿ ಕಿಡಿ.
ಗಾಳಿಯಲ್ಲಿ ಹನಿ ಪಸೆಯಿಲ್ಲ, ಉಣ್ಣೆಗೆ ಉಣ್ಣೆ ಉಜ್ಜಿ
ಊರಿಗೂರೇ ಮಿಂಚು ಹೊತ್ತು ತಿರುಗುತ್ತದೆ.
ಅದೇ ಮಿಂಚನ್ನು ನಾನು
ಹಾಳೆಗಿಷ್ಟು ಅಂತ ಮಾರುತ್ತೇನೆ.

ನೋಂದಣಿ ಕಚೇರಿಯ ಮೆಟ್ಟಿಲಡಿ ಎರಡು ಮಾರಿನ ಅಂಗಡಿ:
ಉಪ್ಪು ಚಹಾದ ಕೆಟಲು, ಒಂದು ಸ್ಟೂಲು,
ಮೂರು ಕೈ ದಾಟಿ ಬಂದ ಜಪಾನಿನ ಯಂತ್ರ.
ಅದರ ಹೊಟ್ಟೆ ಬಿಚ್ಚಿ ನೋಡಿದವಳು ನಾನು.
ಒಳಗೆ ಕತ್ತಲು. ಕತ್ತಲಲ್ಲಿ
ಕನ್ನಡಿ ಮೈಯ ಒಂದು ಉರುಳೆ.
ಕೂದಲೆಳೆಯ ತಂತಿಯೊಂದು ಅದರ ಮೈಗೆಲ್ಲ
ವಿದ್ಯುತ್ತು ಸವರುತ್ತದೆ, ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ,
ಅಂಚೂ ಬಿಡದೆ.
ಸಿಡಿಲು ಬಿದ್ದುಹೋದ ಮೇಲಿನ ಆ ವಾಸನೆ
ಅಂಗಡಿಯಲ್ಲಿ ಬರುವುದು ಇದರಿಂದಲೇ.

ಆಮೇಲೆ ಗಾಜಿನಡಿ ದೀಪ ನಡೆಯುತ್ತದೆ.
ಕಾಗದ ಬೆಳ್ಳಗಿದ್ದಲ್ಲಿ ಬೆಳಕು ಪುಟಿದು
ಕನ್ನಡಿಯಿಂದ ಕನ್ನಡಿಗೆ ಹಾರಿ ಉರುಳೆಗೆ ತಾಗುತ್ತದೆ;
ತಾಗಿದಲ್ಲೆಲ್ಲ ಸವರಿದ್ದು ಸೋರಿಹೋಗುತ್ತದೆ.
ಮಸಿಯಿದ್ದಲ್ಲಿಗೆ ಹೋದ ಬೆಳಕು
ಹೋಗಿದ್ದೇ ಹೋಗಿದ್ದು.
ಅದು ಬಾರದ ಜಾಗದಲ್ಲಷ್ಟೇ,
ಯಾರ ಕಣ್ಣಿಗೂ ಕಾಣದೆ, ಹಿಡಿತ ಉಳಿಯುತ್ತದೆ.
ಕರಿ ಪುಡಿ ಬಂದು ಅಲ್ಲೇ ಕೂರುತ್ತದೆ,
ಬೇರೆಲ್ಲೂ ಅದಕ್ಕೆ ಕಾಲೂರಲು ನೆಲವಿಲ್ಲ.
ಹಾಳೆಯ ಬೆನ್ನಿಗೆ ಇನ್ನೊಂದು ಮಿಂಚು ನಿಂತು
ಆ ಪುಡಿಯನ್ನು ಸೆಳೆದುಕೊಳ್ಳುತ್ತದೆ,
ಕೊನೆಗೆ ಬಿಸಿ ಉರುಳೆ ಒತ್ತಿ ಕರಗಿಸುತ್ತದೆ.
ಓದು ಬರಹ ತಿಳಿಯದು ನನ್ನ ಯಂತ್ರಕ್ಕೆ.
ಅಕ್ಷರವೆಂದರೆ ಅದಕ್ಕೆ
ಬೆಳಕು ಹಿಂತಿರುಗದ ಜಾಗ.

ಮೊನ್ನೆ ಚೋಯ್ದೋಗ್ ಅಂತ ಒಬ್ಬ ಮುದುಕ,
ಗೋಬಿ ಕಡೆಯವನು, ಒಂಟೆ ಸಾಕುವವನು,
ಚಹಾ ಡಬ್ಬಿಯಿಂದ ಒಂದು ಹಾಳೆ ತೆಗೆದ.
ಮನೆತನದ ಹೆಸರು ಬರೆಸಬೇಕಂತೆ,
ಅಪ್ಪ ಬರೆದದ್ದು ಇದೊಂದೇ ಇರುವುದಂತೆ.
ಹಳೆಯ ಲಿಪಿ. ಮೇಲಿಂದ ಕೆಳಗೆ
ಇಳಿಬಿಟ್ಟ ಕುದುರೆಬಾಲದ ಹಾಗೆ ಸಾಲು ಸಾಲು.
"ಏನು ಬರೆದಿದೆ?" ಅಂದ.
"ಶಾಲೆಯಲ್ಲಿ ಕಲಿತಿದ್ದೆ, ಮರೆತೆ" ಅಂದೆ.
"ನನ್ನ ಶಾಲೆಯಲ್ಲಿ ಕಲಿಸಲೇ ಇಲ್ಲ."
ಇಬ್ಬರೂ ಯಂತ್ರದ ಕಡೆ ನೋಡಿದೆವು.

ಮೂಲೆಯಲ್ಲೊಂದು ಕುರಿಕೊಬ್ಬಿನ ಹೆಬ್ಬೆಟ್ಟು.
"ಇದೂ ಬರುತ್ತದಾ?"
ಬಾರದ ಹಾಗೆ ಮಾಡುವುದು ಸುಲಭ, ಜನ ಅದನ್ನೇ ಕೇಳುತ್ತಾರೆ.
ಅವನ ದನಿ ಕೇಳಿ, ಗುಂಡಿಯನ್ನು
ಒಂದು ಗೆರೆ ಕಪ್ಪಿನ ಕಡೆ ತಿರುಗಿಸಿದೆ.

ಪ್ರತಿ ಬಂತು. ತುಂಬ ಹೊತ್ತು ನೋಡಿ,
ಬಲದಂಚಿನ ಉದ್ದ ಗೆರೆಗೆ ಉಗುರಿಟ್ಟು ಕೇಳಿದ:
"ಈ ಅಕ್ಷರ ಮೊದಲು ಇರಲಿಲ್ಲವಲ್ಲ?"
ನಗು ಬಂತು. ನಗಲಿಲ್ಲ.
ಅದು ಉರುಳೆಯ ಮೈಮೇಲಿನ ಗೀರು, ಅಜ್ಜ.
ಹೋದ ವರ್ಷ ಯಾರದೋ ಸ್ಟೇಪಲ್ ಪಿನ್ನು ಒಳಗೆ ಹೋಗಿ ಆದದ್ದು.
ಅಂದಿನಿಂದ ಈ ಊರಿನ ಮದುವೆಗೂ ವಿಚ್ಛೇದನಕ್ಕೂ,
ಪಾಸಾದವರಿಗೂ ಸತ್ತವರಿಗೂ
ಬಲದಂಚಿಗೆ ಅದೇ ಒಂದು ಗೆರೆ.
"ಹಾಗಾದರೆ ನಿನ್ನ ರುಜು" ಅಂದ.
ಬಿಸಿ ಹಾಳೆಯನ್ನು ನಿಲುವಂಗಿಯೊಳಗೆ ಎದೆಗೆ ಸೇರಿಸಿ
ಮೆಟ್ಟಿಲು ಹತ್ತಿದ.

ಆಮೇಲೊಬ್ಬಳು ಹುಡುಗಿ ಪದವಿ ಪತ್ರ ಹಿಡಿದು ಬಂದಳು.
ಮುಚ್ಚಳ ಎತ್ತಿದರೆ
ಗಾಜಿನ ಮೇಲೆ ಬೋರಲು ಮಲಗಿದೆ
ಅವನಪ್ಪನ ಹಾಳೆ.

ಕೋಟು ಹಾಕದೆ ಓಡಿದೆ.
ಸಾಲಿನಲ್ಲಿ ಮೂವತ್ತೊಂದನೆಯವನು, ಕೈ ಇನ್ನೂ ಎದೆಯ ಮೇಲೆ.
ಹಾಳೆ ಚಾಚಿದೆ. ಬೆರಳಿಗೆ ಬೆರಳು ತಾಗಿ
ಚಟ್!
ಇಬ್ಬರೂ ಬೆಚ್ಚಿ ಹಿಂದೆ ಸರಿದೆವು.
ಅದನ್ನೊಮ್ಮೆ ಇದನ್ನೊಮ್ಮೆ ಮುಟ್ಟಿ ನೋಡಿ
"ಇದು ತಣ್ಣಗಿದೆ" ಅಂದ, ಅಪ್ಪನದ್ದನ್ನು.

ಕೆಳಗಿಳಿದಾಗ ಹುಡುಗಿ ಕಾಯುತ್ತಿದ್ದಳು.
ಯಂತ್ರ ಆಗಲೇ ತನ್ನ ಮೈ ಒರೆಸಿಕೊಂಡಿತ್ತು:
ಉಳಿದ ಪುಡಿಗೆ ಅಲಗು, ಉಳಿದ ಹಿಡಿತಕ್ಕೆ ದೀಪ.
ಉರುಳೆಯ ಮೇಲೆ ಅಪ್ಪನೂ ಇರಲಿಲ್ಲ, ಹೆಬ್ಬೆಟ್ಟೂ ಇರಲಿಲ್ಲ.
ಆ ಗೀರೊಂದು ಇತ್ತು.