ನೀರಿಗೂ ಹೆಚ್ಚು

ಸೊಹಾರಿನ ಕಾರ್ಖಾನೆ ಸಾಲಿನ ಹಿಂದೆ ನಮ್ಮ ಲ್ಯಾಬು.
ಎಸಿಯ ನೀರು ತೊಟ್ಟಿಕ್ಕುವಲ್ಲಿ
ಯಾರೋ ಊರಿದ ಒಂದು ಕಡ್ಡಿ ಪುದೀನ.
ಬುಧವಾರ ಬಸ್ಸಿನಿಂದ ಹನ್ನೊಂದು ಜನ ಇಳಿದರು,
ಕಬ್ಬಿಣಕ್ಕೆ ಸತುವಿನ ಲೇಪ ಕೊಡುವವರು,
ಹುಬ್ಬಿನಲ್ಲೂ ಬೂದು.

ತೋಳು ಚಾಚಿದರು, ಪಟ್ಟಿ ಬಿಗಿದೆ.
"ಇಷ್ಟು ತೆಗೆದರೆ ನನಗೆ ಉಳಿಯೋದೇನು, ಸಿಸ್ಟರ್?"
ನಕ್ಕವನು ಬಲಿಯಾ ಜಿಲ್ಲೆಯ ರಾಮ್‌ಸಜೀವನ್.
ಒಂದು ಚಮಚ ಮಾರಾಯ, ಎಂದೆ.

ಯಂತ್ರ ಹೇಳಿತು: ಹನ್ನೊಂದಕ್ಕೆ ಹನ್ನೊಂದೂ ಹೆಚ್ಚು.
ಮುದೀರ್ ಎಷ್ಟು ಜನ ಎಂದು ಕೇಳಿದ,
ಎಷ್ಟು ಹೆಚ್ಚು ಎಂದು ಕೇಳಲಿಲ್ಲ.
ಗುರುವಾರ ರಾತ್ರಿಗೇ ಮೊದಲ ಟಿಕೆಟ್ಟು.

ಹನ್ನೊಂದನೆಯವನು ಬಸ್ಸಿನ ಡ್ರೈವರ್.
ಯಾರ್ಡಿನ ಗೇಟು ದಾಟಿದವನೇ ಅಲ್ಲ.
ಅವನದೂ ಹೆಚ್ಚು.
ಅದು ಗಂಟಲಲ್ಲಿ ಸಿಕ್ಕಿಕೊಂಡಿತು ನನಗೆ,
ಜೊತೆಗೆ ಕುಂದಾಪುರದ ದೊಡ್ಡಮ್ಮನ ಗದರು:
"ಕಲಾಯಿ ಹೋದ್ ಪಾತ್ರಿಯಂಗೆ ಹುಳಿ ಬಿಟ್ಯಾ ಹೆಣೆ?
ನಾಳೆ ಹುಳಿಗ್ ಬೈಬೇಡ ಕಾಣ್."

ರಾತ್ರಿ ಪಾಳಿಯಲ್ಲಿ ಹೊಸ ಟ್ಯೂಬಿಗೆ
ಸೂಜಿಯಿಂದ ಬಟ್ಟಿ ಇಳಿಸಿದ ನೀರು ಬಿಟ್ಟೆ.
ತಲೆಕೆಳಗಾಗಿ ನಿಲ್ಲಿಸಿದೆ,
ಕರಿ ರಬ್ಬರಿನ ಬಿರಡೆ ನೆನೆಯುವಂತೆ.
ಎರಡು ಗಂಟೆ. ಸುಲೈಮಾನಿ ಆರಿಹೋಯಿತು.
ಯಂತ್ರಕ್ಕೆ ಕೊಟ್ಟೆ.

ನೀರಿಗೂ ಹೆಚ್ಚು.
ಯಾವ ಯಾರ್ಡಿನಲ್ಲೂ ದುಡಿಯದ ನೀರು,
ಬತಾಕಾ ಇಲ್ಲದ, ವೀಸಾ ಇಲ್ಲದ ನೀರು.

ರಬ್ಬರು ಹದಕ್ಕೆ ಬರಲು ಸತುವು ಬೆರೆಸುತ್ತಾರಂತೆ.
ಬೆರೆತದ್ದು ಸುಮ್ಮನೆ ಕೂರುವುದಿಲ್ಲ,
ತಾಗಿದ್ದಕ್ಕೆಲ್ಲ ತನ್ನದೊಂದಿಷ್ಟು ಹಚ್ಚುತ್ತದೆ.
ಅದರ ತಪ್ಪಲ್ಲ, ಗುಣ.
ನಾನು ಬೈದದ್ದು ರಕ್ತವನ್ನು.

ಭಾನುವಾರ ಮಸ್ಕತ್ತಿನಿಂದ ಬೇರೆ ಟ್ಯೂಬು ಬಂದವು,
ಕಡುನೀಲಿ ಮುಚ್ಚಳದವು.
ಮತ್ತೆ ತೋಳು, ಮತ್ತೆ ಪಟ್ಟಿ, ಅದೇ ನರ.
ಈ ಸಲ ಹತ್ತೇ ಜನ.
ಒಂಬತ್ತು ಇಳಿಯಿತು, ಡ್ರೈವರನದೂ.
ಪೋಚಯ್ಯನದು ಮಾತ್ರ ಇಳಿಯಲಿಲ್ಲ.
ಮತ್ತೊಮ್ಮೆ ತೆಗೆದೆ, ಇಳಿಯಲಿಲ್ಲ.
ಎಲ್ಲರ ಸುಳ್ಳಿನ ನಡುವೆ
ತನ್ನ ನಿಜ ಇಟ್ಟುಕೊಂಡು ಕೂತಿದ್ದ ಆತ,
ತೋಳಿನ ಹತ್ತಿ ಒತ್ತಿ ಹಿಡಿದು,
ಹೇಳಿದ್ದಕ್ಕಿಂತ ಹೆಚ್ಚು ಹೊತ್ತು.

ರಾಮ್‌ಸಜೀವನ್ ಆಗಲೇ ಲಕ್ನೋದಲ್ಲಿ ಇಳಿದಿದ್ದ.
ತಿದ್ದಿದ ವರದಿ ಕಳಿಸಿದೆ.
ಮುದೀರ್ ಒಂದೇ ಪದ ಬರೆದ: ಶುಕ್ರನ್.
ವೀಸಾ ರದ್ದಾಗಿ ಮೂರು ದಿನ.

ಅವನ ಟ್ಯೂಬು ಫ್ರಿಜ್ಜಿನ ಕೆಳಗಿನ ಸ್ಟ್ಯಾಂಡಿನಲ್ಲಿದೆ.
ಏಳು ದಿನಕ್ಕೆ ಎಸೆಯಬೇಕೆಂದು ನಿಯಮ.
ಇವತ್ತಿಗೆ ಒಂಬತ್ತು.
ಹೆಸರಿನ ಚೀಟಿ ಒಂದು ಬದಿ ಎದ್ದಿದೆ.
ಬಿರಡೆ ಗಟ್ಟಿಯಾಗಿದೆ.