ಹದಿನೆಂಟು ಗಜ

ಅರಸೀಕೆರೆ ರೈಲ್ವೆ ಕಾಲೋನಿಯ ಹಿಂದಿನ ಮೈದಾನಕ್ಕೆ
ಸುಣ್ಣದ ಗೆರೆ ಎಳೆಯುತ್ತಿದ್ದವನು ನಾನು, ಅಂತೋಣಪ್ಪ.
ತಳ ತೂತು ಮಾಡಿದ ಡಾಲ್ಡಾ ಡಬ್ಬಿ, ತೆಂಗಿನ ನಾರಿನ ಹಗ್ಗ, ನಾಲ್ಕು ಗೂಟ.
ಹಗ್ಗ ಸುಳ್ಳು ಹೇಳುವುದಿಲ್ಲ.
ಹಿಡಿದ ಕೈಯ ಮಾತು ಬೇರೆ.

ಆ ವರ್ಷ ಸಮುದ್ರದಾಚೆಯಿಂದ ದುಡ್ಡು ಬರುತ್ತದೆ ಎಂದರು.
ಲೋಕದ ಫುಟ್‌ಬಾಲನ್ನೆಲ್ಲ ಆಳುವವರಿಗೆ
ನಮ್ಮ ಹುಡುಗರ ಬರಿಗಾಲು ಕಂಡು ಕರುಳು ಚುರ್ರೆಂದಿತಂತೆ.
ಹುಲ್ಲುಹಾಸು, ದೀಪದ ಕಂಬ, ಬಟ್ಟೆ ಬದಲಿಸುವ ಕೋಣೆ, ಬಿಸಿನೀರು
ಎಂದು ಕಾರ್ಯದರ್ಶಿ ಪಾಲಾಕ್ಷಪ್ಪನವರು ಓದುತ್ತಾ ಹೋದರು.
ಬಿಸಿನೀರಿಗೆ ಹುಡುಗರು ನಕ್ಕರು.

ರಸೀತಿಯಲ್ಲಿ ಸುಣ್ಣ ಹನ್ನೊಂದು ಮೂಟೆ.
ಬಂದದ್ದು ಎರಡು, ಅದರಲ್ಲೊಂದು ನೆನೆದು ಕಲ್ಲಾಗಿತ್ತು.
ಇಲ್ಲಿ ಹಾಕು ಅಂದರು. ಹಾಕಿದೆ.
ನನ್ನ ಸಹಿ ದುಂಡಗಿದೆ, ಚರ್ಚಿನ ಶಾಲೆಯಲ್ಲಿ ಕಲಿತದ್ದು.
ನೂರೈವತ್ತು ರೂಪಾಯಿ ಮಡಿಸಿ ನನ್ನ ಜೇಬಿಗೆ ತುರುಕಿದರು.
ಬೇಕು ಅನ್ನಲಿಲ್ಲ ನಾನು, ಬೇಡ ಅಂತಲೂ ಅನ್ನಲಿಲ್ಲ.
ಹಾಗೆ ನಿಂತವನ ಪರವಾಗಿ ಜೇಬೇ ಉತ್ತರ ಕೊಡುತ್ತದೆ.

ಅಷ್ಟು ಸುಣ್ಣಕ್ಕೆ ಇಡೀ ಮೈದಾನ ಹೇಗೆ ಬರಬೇಕು?
ಗೋಲಿನ ಮುಂದಿನ ದೊಡ್ಡ ಚೌಕ ಹದಿನೆಂಟು ಗಜ ಇರಬೇಕು.
ಹದಿನೈದಕ್ಕೆ ಗೂಟ ಹೊಡೆದೆ.
ಎರಡೂ ಕಡೆ ಅಷ್ಟೇ.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನಬಾರದಲ್ಲ;
ನಾನು ಎರಡು ಕಣ್ಣಿಗೂ ಸುಣ್ಣವೇ ಇಟ್ಟೆ.

ಪರದೇಶದ ದೊಡ್ಡ ಮನುಷ್ಯ ಬಂದ. ಬಿಳಿ ಕಾರು, ನೀಲಿ ಕೋಟು.
ಎಳನೀರು ಕುಡಿದ, ಕೊಬ್ಬರಿ ಹಾರ ಹಾಕಿಸಿಕೊಂಡ,
ನನ್ನ ಚೌಕದೊಳಗೆ ನಿಂತು
ಹೊಸ ಜರ್ಸಿಯ ಹುಡುಗರ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡ.
ಅಳೆಯಲಿಲ್ಲ.
ಹುಬ್ಬಳ್ಳಿ ಪ್ಯಾಸೆಂಜರ್ ಕೂಗುವುದರೊಳಗೆ ಹೊರಟೂ ಹೋದ.
ಸಂಜೆ ಜರ್ಸಿಗಳನ್ನು ಎಣಿಸಿ ವಾಪಸು ತೆಗೆದುಕೊಂಡರು, ಬೆವರಿನ ಸಮೇತ.
ಒಂದು ಜೊತೆ ಸಾಕ್ಸ್ ಕಡಿಮೆ ಬಂತು.
ಕಳ್ಳ ಯಾರೆಂದು ಅರ್ಧ ಗಂಟೆ ವಿಚಾರಣೆ ನಡೆಯಿತು.

ಪ್ರತಿ ಭಾನುವಾರ ಹಳೆಯ ಗೆರೆಯ ಮೇಲೇ ಹೊಸ ಗೆರೆ.
ಸುಣ್ಣ ಹುಲ್ಲನ್ನು ಸುಟ್ಟುಬಿಟ್ಟಿತ್ತು,
ತಿದ್ದಲು ಹೋದರೆ ಎರಡು ಗೆರೆ ಕಾಣುತ್ತಿದ್ದವು,
ಯಾಕೆಂದು ಯಾರಾದರೂ ಕೇಳುತ್ತಿದ್ದರು.
ಅದರೊಳಗೇ ಆರು ವರ್ಷ ಬೆಳೆದ ಇದ್ರೀಸ್,
ಗೂಡ್ಸ್ ಶೆಡ್ಡಿನ ಹಮಾಲಿ ಖಲಂದರನ ಮಗ.
ಬರುವವನನ್ನು ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು,
ನೆಲ ನೋಡದೆ ಅವನ ಪಾದಕ್ಕೆ ಗೊತ್ತಿತ್ತು.

ಹಾಸನದಲ್ಲಿ ಆಯ್ಕೆಯ ಆಟ. ಇನ್ನೇನು ಮುಗಿಯಬೇಕು.
ಚೌಕದ ಹೊರಗೇ ಇದ್ದೇನೆಂದು ಕಾಲು ಅಡ್ಡ ಹಾಕಿದ.
ಎರಡು ಗಜ ಒಳಗಿದ್ದ.
ಸೀಟಿ. ಪೆನಾಲ್ಟಿ. ಗೋಲು.
ರೆಫ್ರಿಯ ಜೊತೆ ಜಗಳವಾಡಲಿಲ್ಲ ಇದ್ರೀಸ್.
ಹೋಗಿ, ಬಗ್ಗಿ, ಆ ಬಿಳಿ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದ,
ರಾತ್ರಿ ಯಾರೋ ಬಂದು ಅದನ್ನು ಸರಿಸಿ ಹೋಗಿದ್ದಾರೇನೋ ಎನ್ನುವ ಹಾಗೆ.

ಮೊನ್ನೆ ಪ್ಲಾಟ್‌ಫಾರ್ಮಿನ ಟೀ ಅಂಗಡಿಯ ಟಿವಿಯಲ್ಲಿ
ಅದೇ ನೀಲಿ ಕೋಟು. ಅಕ್ಕಪಕ್ಕ ಪೊಲೀಸರು, ಮುಖಕ್ಕೆ ಫೈಲಿನ ಮರೆ.
ಎಷ್ಟೋ ಕೋಟಿ ಡಾಲರು; ವಾರ್ತೆ ಓದುವ ಹುಡುಗಿಯ ನಾಲಿಗೆಯೇ
ಸೊನ್ನೆಗಳಿಗೆ ಎಡವಿತು.
ಪಾಲಾಕ್ಷಪ್ಪನವರೂ ಇದ್ದರು. ಕನ್ನಡಕ ಒರೆಸಿಕೊಳ್ಳುತ್ತಾ
ಎಂಥಾ ಕಳ್ಳರಪ್ಪಾ, ಮಕ್ಕಳ ಆಟದಲ್ಲೂ ತಿಂತಾರಲ್ಲ, ಅಂದರು.
ಎಲ್ಲರೂ ತಲೆದೂಗಿದರು.
ನಾನೂ.

ಪಾರ್ಸೆಲ್ ಗಾಡಿ ತಳ್ಳಿಕೊಂಡು ಇದ್ರೀಸ್ ಬಂದ.
ಹಳದಿ ಗೆರೆಗೆ ಇನ್ನೂ ಮೂರು ಗಜ ಇರುವಾಗಲೇ ನಿಂತ,
ಈಗೀಗ ಯಾವ ಗೆರೆಯ ಹತ್ತಿರವೂ ಹೋಗುವುದಿಲ್ಲ ಅವನು.
ಅಂತೋಣಣ್ಣಾ, ಟೀ ಆಯ್ತಾ? ಎಂದ.
ಆಯ್ತು ಎಂದೆ.
ಆಗಿರಲಿಲ್ಲ.